ಏಳನೆಯ ವಾರದ ಹಾಳೆ

ಏಳನೆಯ ಹಾಳೆ ಇರಲಿಲ್ಲ.

ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಕಲಾಕೇಂದ್ರದ ವಾರದ ರಜೆ. ಎರಡನೆಯ ಮಹಡಿಯ ಗ್ಯಾಲರಿಯಲ್ಲಿ ಗಾಜಿನ ಪೆಟ್ಟಿಗೆಯ ಸುತ್ತ ಮೂವರು ನಿಂತಿದ್ದರು. ಕಾಗದ ಸಂರಕ್ಷಕರು, ಮಲಗಿದ ಮಗುವಿನ ಹೊದಿಕೆ ಸರಿಸುವಷ್ಟು ಹಗುರವಾಗಿ, ಹಸ್ತಪ್ರತಿಯ ಆರನೆಯ ಹಾಳೆಯನ್ನು ಎತ್ತಿ ಎಡಕ್ಕೆ ಮಗುಚಿದರು. ಬಲಗಡೆ ಏಳು ಕಾಣಿಸಬೇಕಿತ್ತು. ಮೂಲೆಯಲ್ಲಿ ಕವಿಯ ಕೈಬರಹದ ಅಂಕಿ — ಎಂಟು. ನಡುವೆ, ಹೊಲಿಗೆಯ ಬುಡದಲ್ಲಿ, ಉಗುರಿನಷ್ಟು ಅಗಲದ ಕಾಗದದ ಅಂಚು. ಯಾರೋ ನೇರವಾಗಿ, ಅವಸರವಿಲ್ಲದೆ ಕತ್ತರಿಸಿದ್ದರು.

ಸಂರಕ್ಷಕರ ಕೈ ಗಾಳಿಯಲ್ಲೇ ನಿಂತಿತು. ಮರುಕ್ಷಣ ಅವರು ಪೆಟ್ಟಿಗೆಯ ಗಾಜನ್ನು ಇಳಿಸಿ, ಎರಡೂ ಬೀಗ ಹಾಕಿಸಿ, ಮೇಲೆ ಕಪ್ಪು ಬಟ್ಟೆ ಎಳೆದುಬಿಟ್ಟರು.

"ಯಾರೂ ಮುಟ್ಟಬೇಡಿ," ಎಂದರು. "ಸಾಕ್ಷ್ಯ ಇದು. ಇದ್ದ ಹಾಗೇ ಇರಲಿ."

ಪಕ್ಕದಲ್ಲಿದ್ದ ಭದ್ರತಾ ಮೇಲ್ವಿಚಾರಕರು ಅಷ್ಟರಲ್ಲಿ ಕಿಸೆಯ ಪುಸ್ತಕ ತೆಗೆದು ಬರೆಯತೊಡಗಿದ್ದರು: ಎಡಗಡೆ — ಖಾಲಿ ಪುಟ, ನಡುವೆ ತಿಳಿಕಂದು ಬಣ್ಣದ ಒಂದು ಪಟ್ಟಿ. ಬಲಗಡೆ — ಎಂಟನೆಯ ಕವಿತೆ, ಒಂದು ಸಾಲನ್ನು ದಪ್ಪ ಮಸಿಯಿಂದ ಹೊಡೆದುಹಾಕಿದೆ. ಬೀಗಗಳು — ಎರಡು, ಗೀರಿಲ್ಲ.

ಬರೆದುಕೊಳ್ಳುವುದು ಅವರಿಗೆ ಅಂಟಿದ ಚಾಳಿ. ಮೂವತ್ತು ವರ್ಷ ಪೊಲೀಸ್ ಠಾಣೆಯ ಮೂಲೆಯ ಮೇಜಿನಲ್ಲಿ ಕುಳಿತು, ಊರಿನವರು ಕಳೆದುಕೊಂಡದ್ದನ್ನೆಲ್ಲ ಅಕ್ಷರಕ್ಕಿಳಿಸಿ ನಿವೃತ್ತರಾದವರು. ಆದ್ದರಿಂದಲೇ ಕೇಂದ್ರದಲ್ಲಿ ಅವರ ಹೆಸರು 'ಮಹಜರು'. ಎದುರಿಗೆ ಬಂದಾಗ ಅದಕ್ಕೊಂದು 'ಸಾರ್' ಅಂಟಿಕೊಳ್ಳುತ್ತಿತ್ತು, ಅಷ್ಟೇ. ಮನೆಯಲ್ಲಿ ಅವರನ್ನು ಏನೆಂದಾದರೂ ಕರೆಯುವವರು ಯಾರೂ ಉಳಿದಿರಲಿಲ್ಲ. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು.

ಮೂರನೆಯವಳು ಗ್ಯಾಲರಿಯ ಕಾವಲಿನಾಕೆ. ಬೆಳಗಿನಿಂದ ಸಂಜೆಯವರೆಗೆ ಒಂದೇ ಕುರ್ಚಿಯಲ್ಲಿ ಕುಳಿತಿರುತ್ತಿದ್ದುದರಿಂದ ಎಲ್ಲರ ಬಾಯಲ್ಲಿ 'ಕುರ್ಚಿಯಕ್ಕ'. ಎರಡು ಬೀಗಗಳ ಕೀಗಳಲ್ಲಿ ಒಂದು ಆಕೆಯ ಸೊಂಟದಲ್ಲಿತ್ತು.

ಅದು ಹತ್ತು ವಾರಗಳ ಕಾರ್ಯಕ್ರಮ ಮಾಲೆ. ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ಕವಿಯೊಬ್ಬರ ನೆನಪಿನಲ್ಲಿ ಕೆಳಗಿನ ಸಭಾಂಗಣಗಳಲ್ಲಿ ನಾಟಕ, ನೃತ್ಯ, ಗಾಯನ. ಮೇಲೆ, ಮಂದ ಬೆಳಕಿನ ಈ ಕೋಣೆಯಲ್ಲಿ, ಅಚ್ಚಾಗದೆ ಉಳಿದ ಅವರ ಕೊನೆಯ ಹಸ್ತಪ್ರತಿ. ಕವಿ ಹಾಳೆಯ ಒಂದು ಮಗ್ಗುಲಲ್ಲಿ ಮಾತ್ರ ಬರೆಯುತ್ತಿದ್ದರು, ಹಿಂಬದಿ ಖಾಲಿ. ಹಸ್ತಪ್ರತಿಯನ್ನು ಕೊಟ್ಟ ಕವಿಯ ತಂಗಿ ಒಂದು ಷರತ್ತು ಹಾಕಿದ್ದರು: "ಅಣ್ಣ ವಾರಕ್ಕೊಂದು ಬರೀತಿದ್ದ. ಓದೋರೂ ವಾರಕ್ಕೊಂದೇ ಓದಲಿ. ಮುಂದಿನ ಹಾಳೆ ಯಾರೂ ಮೊದಲೇ ತೆರೆಯಬಾರದು, ಫೋಟೋನೂ ಬೇಡ." ಹಾಗಾಗಿ ಪ್ರತಿ ಸೋಮವಾರ ಒಂದು ಹಾಳೆ ಮಗುಚುವುದು, ದಾಖಲೆ ಪುಸ್ತಕದಲ್ಲಿ ಸಂರಕ್ಷಕರು, ಕಾವಲಿನಾಕೆ ಇಬ್ಬರೂ ಸಹಿ ಮಾಡುವುದು.

ರಟ್ಟಿನ ಒಳಮೈಯಲ್ಲಿ ಕವಿಯೇ ಬರೆದ ಪರಿವಿಡಿ ಇತ್ತು. ಏಳನೆಯ ಕವಿತೆಯ ಹೆಸರು: 'ಬಾಗಿಲು ತೆರೆದವಳಿಗೆ'. ಮದುವೆಯಾಗದೆ ಉಳಿದ ಕವಿಗೆ ಬಾಗಿಲು ತೆರೆದವಳು ಯಾರು? ಊರೆಲ್ಲ ಅದೇ ಮಾತು. ಹಾಳೆ ಮಗುಚಿದ ಮರುದಿನ, ಮಂಗಳವಾರ ಸಂಜೆ, ಹೆಸರಾಂತ ನಟರೊಬ್ಬರು ಅದನ್ನು ಓದುವವರಿದ್ದರು. ಗೋಡೆಗೋಡೆಯ ಮೇಲೂ ಭಿತ್ತಿಪತ್ರ.

ಸುದ್ದಿ ಕೇಳಿದ ಕೇಂದ್ರದ ನಿರ್ದೇಶಕಿ ಮಾತು ಬೆಳೆಸಲಿಲ್ಲ.

"ಬಂದಾಗ ನಲವತ್ತೆಂಟು ಹಾಳೆ ಪೂರ್ತಿ ಇತ್ತು. ಸ್ವೀಕೃತಿ ಪತ್ರದಲ್ಲಿ ಡಾಕ್ಟರ ಸಹಿ ಇದೆ, ಕಾವಲಿನವಳದೂ ಇದೆ. ಇವತ್ತು ಇಲ್ಲ. ಬೀಗ ಒಡೆದಿಲ್ಲ. ಅಂದ್ರೆ ಕೀ ಇದ್ದವರೇ ತಾನೆ?"

"ಕೀ ಇಬ್ಬರ ಹತ್ರ ಇತ್ತು ಮೇಡಂ," ಎಂದರು ಮಹಜರು.

"ಎರಡೂ ಕೀ ಬೇಕು ತೆರೆಯೋಕೆ. ಡಾಕ್ಟ್ರೇ, ನಿಮ್ಮ ಕೀ ಎಲ್ಲಿರುತ್ತೆ?"

ಕಾಗದ ಸಂರಕ್ಷಕರನ್ನು ಕೇಂದ್ರದಲ್ಲಿ ಎಲ್ಲರೂ ಡಾಕ್ಟರೆಂದೇ ಕರೆಯುತ್ತಿದ್ದರು. ಹರಿದ ಕಾಗದಕ್ಕೆ ಪಟ್ಟಿ ಕಟ್ಟುವವರು, ಹುಳು ತಿಂದ ಪುಟಕ್ಕೆ ಮದ್ದು ಹಾಕುವವರು. ಅವರು ಕನ್ನಡಕ ಒರೆಸಿಕೊಂಡರು.

"ನನ್ನ ಕೋಣೆ ಡ್ರಾಯರಿನಲ್ಲಿ." ಕನ್ನಡಕ ಮತ್ತೆ ಮೂಗಿಗೇರಿಸಿದರು. "ಡ್ರಾಯರಿಗೆ ಬೀಗ ಇಲ್ಲ."

ಅದು ನಿಜವೇ. ಕುರ್ಚಿಯಕ್ಕ ದಿನಕ್ಕೆರಡು ಸಲ ಆ ಕೋಣೆಗೆ ನೀರಿಗೆ ಹೋಗುತ್ತಿದ್ದುದೂ ನಿಜ. ಎರಡು ನಿಜಗಳು ಒಂದರ ಪಕ್ಕ ಒಂದು ಕುಳಿತಾಗ ಎಷ್ಟು ಬೇಗ ಸುಳ್ಳಾಗಬಲ್ಲವೆಂಬುದು ಠಾಣೆಯ ಮೂಲೆಯ ಮೇಜಿಗೆ ಗೊತ್ತಿತ್ತು.

"ಸಂಜೆ ಐದಕ್ಕೆ ಪೊಲೀಸರನ್ನ ಕರೀತೀನಿ," ಎಂದರು ನಿರ್ದೇಶಕಿ. "ಅಷ್ಟರೊಳಗೆ ಅವಳೇ ತಂದುಕೊಟ್ರೆ ಸರಿ. ನೀವು ಮಾತಾಡಿ ನೋಡಿ."

ಕುರ್ಚಿಯಕ್ಕ ಮೆಟ್ಟಿಲ ಮೇಲೆ ಕುಳಿತಿದ್ದಳು. ರಜೆಯ ದಿನ ಆ ಕಟ್ಟಡ ನೆರೆ ಇಳಿದ ಹೊಳೆಯಂತಿರುತ್ತದೆ. ನಿನ್ನೆ ಸಂಜೆ ಎಂಟುನೂರು ಜನ ಇಳಿದುಹೋದ ಮೆಟ್ಟಿಲು. ಇವತ್ತು ಒಂದು ಕೆಮ್ಮು ಮೂರು ಮಹಡಿ ಹತ್ತಿ ಹಿಂದಿರುಗುತ್ತದೆ.

"ಭಾನುವಾರ ಯಾರ್ ಯಾರು ಬಂದಿದ್ರಮ್ಮ?"

"ಎಲ್ಲಾ ಬಂದಿದ್ರು. ಕವಿ ತಂಗಿ ಬಂದಿದ್ರು, ಪ್ರತಿ ಭಾನುವಾರ ಬರೋ ಹಾಗೆ. ನನ್ನ ಕುರ್ಚಿ ಅವರಿಗೆ ಬಿಟ್ಟುಕೊಡ್ತೀನಿ, ಒಂದು ಗಂಟೆ ಕೂತು ಹೋಗ್ತಾರೆ. ಆಮೇಲೆ ಆ ನಟ."

"ಅವರು ಯಾಕೆ?"

"ಹೋದ ತಿಂಗಳಿಂದ ನನ್ನ ಬೆನ್ನು ಹತ್ತಿದ್ದಾರೆ. ಏಳನೇ ಹಾಳೆ ಒಂದ್ಸಲ ತೋರಿಸು ಅಕ್ಕ, ಬಾಯಿಪಾಠ ಮಾಡ್ಕೋಬೇಕು ಅಂತ. ನಾನು, ಕುರ್ಚಿ ಬೇಕಾದ್ರೆ ಕೊಡ್ತೀನಿ, ಕೀ ಕೊಡಲ್ಲ ಅಂದೆ."

"ನಿನ್ನ ಕೀ ಯಾವತ್ತಾದ್ರೂ ಕೈ ಬಿಟ್ಟಿತ್ತಾ?"

"ಇಲ್ಲ ಸಾರ್." ಆಕೆ ಅವರನ್ನೇ ನೋಡಿದಳು. "ನೀವೂ ಹಾಗೇ ಅಂದ್ಕೊಂಡಿದೀರಾ?"

"ನಾನಿನ್ನೂ ಏನೂ ಅಂದ್ಕೊಂಡಿಲ್ಲ."

"ನಾನು ಗುತ್ತಿಗೆಯವಳು. ಪೊಲೀಸ್ ಹೆಸರು ಬಿತ್ತು ಅಂದ್ರೆ ಇನ್ನೊಂದು ಬಾಗಿಲಲ್ಲಿ ನನ್ನ ನಿಲ್ಲಿಸ್ಕೊಳ್ತಾರಾ? ಕದಿಯೋಳಾಗಿದ್ರೆ ಕವಿತೆ ಕದೀತಿದ್ನಾ ಸಾರ್? ತಿನ್ನೋಕಾಗುತ್ತಾ, ಉಡೋಕಾಗುತ್ತಾ?"

ಮಹಜರು ಅದನ್ನೂ ಬರೆದುಕೊಂಡರು. ಬರೆದುಕೊಳ್ಳುವಾಗ ತುಟಿಯಂಚಿನಲ್ಲಿ ನಗು ಬಂತು. ಆಕೆ ಅದನ್ನು ನೋಡಲಿಲ್ಲ.

ನಟರು ಸಿಕ್ಕಿದ್ದು ತಾಲೀಮು ಕೋಣೆಯಲ್ಲಿ, ಖಾಲಿ ಕುರ್ಚಿಗಳಿಗೆ ಕವಿತೆ ಓದುತ್ತಾ.

"ಕೇಳಿದ್ದು ನಿಜ. ತಪ್ಪೇನು? ನೋಡದ ಕವಿತೆನ ಎಂಟುನೂರು ಜನರ ಮುಂದೆ ಓದು ಅಂದ್ರೆ ಎದೆ ಒಡೆಯಲ್ವಾ?"

"ಕತ್ತರಿಸಿಕೊಂಡು ಹೋದ್ರೆ ಎದೆ ಗಟ್ಟಿಯಾಗುತ್ತಲ್ಲ."

"ಒಳ್ಳೆ ಮಾತಾಡ್ತೀರಿ ಮಹಜರು ಸಾರ್. ಕದ್ದ ಕವಿತೆನ ವೇದಿಕೆ ಮೇಲೆ ಓದಕ್ಕಾಗುತ್ತಾ? ಅದು ಸಿಗದೆ ಇದ್ರೆ ನನಗೇ ನಷ್ಟ. ಆ ಸಂಜೆ ನಾನು ಬಾಯಿ ಮುಚ್ಕೊಂಡು ನಿಲ್ಲಬೇಕು."

ಮಾತಿನಲ್ಲಿ ತಿರುಳಿತ್ತು. ಹಾಳೆಯಿಂದ ಯಾರಿಗೆ ಲಾಭ? ಕುರ್ಚಿಯಕ್ಕನಿಗೆ ಇಲ್ಲ. ನಟನಿಗೆ ಇಲ್ಲ. ಡಾಕ್ಟರಿಗೆ? ಇನ್ನೆರಡು ತಿಂಗಳಲ್ಲಿ ನಿವೃತ್ತರಾಗುವ, ಮೂವತ್ತು ವರ್ಷದಲ್ಲಿ ಒಂದು ಕಾಗದವನ್ನೂ ಮುಕ್ಕು ಮಾಡದ ಮನುಷ್ಯನಿಗೆ?

ಡಾಕ್ಟರ ವಿಷಯ ಬಂದಾಗ ಮಹಜರ ಪೆನ್ನು ನಿಧಾನವಾಯಿತು. ಮೂರು ವರ್ಷಗಳಿಂದ, ದಿನವೂ ನಾಲ್ಕು ಗಂಟೆಗೆ, ಡಾಕ್ಟರ ಕೋಣೆಯಲ್ಲಿ ಎರಡು ಲೋಟ ಚಹಾ ಇರುತ್ತಿತ್ತು. 'ಬನ್ನಿ ಸ್ವಾಮಿ, ಇವತ್ತು ಯಾರು ಏನು ಕಳಕೊಂಡ್ರು?' — ಡಾಕ್ಟರ ಸ್ವಾಗತ ಅದೇ. ಮಹಜರು ಠಾಣೆಯ ಕಥೆ ಹೇಳುವರು. ಡಾಕ್ಟರು ಕಾಗದದ ಕಥೆ. ಈ ಮಾಲೆಯ ಎರಡನೆಯ ವಾರ ಡಾಕ್ಟರು ಹೇಳಿದ್ದರು: 'ಮಸಿ ಒಣಗಿದ್ರೂ ಸಾಯಲ್ಲ ಸ್ವಾಮಿ. ಎದುರಿಗೆ ಒರಗಿಕೊಂಡಿರೋ ಹಾಳೆ ಮೇಲೆ ವರ್ಷಗಟ್ಟಲೆ ಉಸಿರು ಬಿಡ್ತಾನೇ ಇರುತ್ತೆ.' ಇಡೀ ದಿನದಲ್ಲಿ ಮಹಜರು ಮಾತಾಡಿದ ಮಾತು, ಕೆಲಸದ್ದನ್ನು ಬಿಟ್ಟರೆ, ಆ ಅರ್ಧ ಗಂಟೆಯದು ಮಾತ್ರ.

ಅವರು ಮತ್ತೆ ಗ್ಯಾಲರಿಗೆ ಹೋದರು. ಒಬ್ಬರೇ. ಕಪ್ಪು ಬಟ್ಟೆ ಸರಿಸಿ ಗಾಜಿನ ಮೇಲೆ ಬಾಗಿದರು. ಕಿಸೆಯಿಂದ ಅಳತೆಪಟ್ಟಿ ತೆಗೆದು ಗಾಜಿನ ಮೇಲಿಟ್ಟರು — ಮೊದಲು ಬಲಪುಟದ ಮೇಲೆ, ಆಮೇಲೆ ಎಡಪುಟದ ಮೇಲೆ. ಮತ್ತೊಮ್ಮೆ ಅಳೆದರು. ಆಮೇಲೆ ಕುರ್ಚಿಯಕ್ಕನ ಕುರ್ಚಿಯಲ್ಲಿ ಕುಳಿತುಬಿಟ್ಟರು. ಕೇಂದ್ರಕ್ಕೆ ಬಂದ ಮೇಲೆ ಅವರು ಆ ಕೋಣೆಯಲ್ಲಿ ಕುಳಿತದ್ದು ಅದೇ ಮೊದಲು. ಆ ಕುರ್ಚಿಯಿಂದ ನೋಡಿದರೆ ಏನೂ ಕಾಣುವುದಿಲ್ಲ, ಜನರ ಬೆನ್ನು ಕಾಣಬಹುದಾದ ಜಾಗ ಬಿಟ್ಟು.

ಎದ್ದಾಗ ಅವರ ವಯಸ್ಸು ಹೆಚ್ಚಾಗಿತ್ತು.

ಕವಿಯ ತಂಗಿಯ ಮನೆ ಎರಡು ಬೀದಿ ಆಚೆ, ಮೂರನೆಯ ಮಹಡಿ. ಎಪ್ಪತ್ತೆಂಟರ ವಯಸ್ಸಿಗೆ ಚುರುಕಾದ ಕಣ್ಣು. ಕೋಣೆಯ ತುಂಬ ಪುಸ್ತಕ. ಕೂರಲು ಎರಡು ಕುರ್ಚಿ. ಒಂದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಇಟ್ಟಿತ್ತು. ಅದನ್ನು ತೆಗೆಯಲು ಆಕೆ ಸ್ವಲ್ಪ ಹೊತ್ತು ತೆಗೆದುಕೊಂಡರು. ಅತಿಥಿಗಳು ಬಂದು ಬಹಳ ಕಾಲವಾದ ಮನೆ.

"ಅಮ್ಮ, ಏಳನೇ ಹಾಳೆ ಇಲ್ಲ," ಎಂದರು ಮಹಜರು.

"ಇವತ್ತು ಸೋಮವಾರ ಅಲ್ವಾ," ಎಂದರು ಆಕೆ, ಮಳೆ ಬರುತ್ತಿದೆಯೇ ಎಂದು ಕಿಟಕಿಯತ್ತ ನೋಡುವವರಂತೆ. "ಇವತ್ತು ಗೊತ್ತಾಗಬೇಕಿತ್ತು."

"ಒಬ್ಬ ಹೆಣ್ಣುಮಗಳ ಮೇಲೆ ಅಪವಾದ ಬಂದಿದೆ. ಕುರ್ಚಿ ಬಿಟ್ಟುಕೊಡ್ತಾಳಲ್ಲ, ಅವಳ ಮೇಲೆ. ಐದು ಗಂಟೆಗೆ ಪೊಲೀಸರು ಬರ್ತಾರೆ."

ಆಕೆಯ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ಅವಳ ಮೇಲಾ? ಯಾಕೆ? ಅವಳೇನು ಮಾಡಿದ್ಲು?"

ಮಹಜರು ಒಂದೇ ಪ್ರಶ್ನೆ ಕೇಳಿದರು. ಆಕೆ ಒಂದೇ ಮಾತಿನಲ್ಲಿ ಉತ್ತರಿಸಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು.

"ನಡೀರಿ. ನಾನೇ ಬರ್ತೀನಿ. ಮೆಟ್ಟಿಲು ಇಳಿಯೋವಾಗ ಕೈ ಕೊಡಿ, ಅಷ್ಟೇ."

ನಾಲ್ಕೂ ಮುಕ್ಕಾಲು. ತಂಗಿಯವರನ್ನು ನಿರ್ದೇಶಕಿಯ ಕೋಣೆಯ ಹೊರಗೆ ಕೂರಿಸಿ, ಮಹಜರು ಡಾಕ್ಟರ ಕೋಣೆಗೆ ಹೋದರು. ಮೇಜಿನ ಮೇಲೆ ಎರಡು ಲೋಟಗಳಿದ್ದವು. ಎರಡೂ ತುಂಬಿದ್ದವು.

"ತಡ ಮಾಡಿದ್ರಿ ಸ್ವಾಮಿ. ಆರಿಹೋಯ್ತು."

"ಡಾಕ್ಟ್ರೇ, ಐದು ಗಂಟೆಗೆ ಮೊದಲು ನೀವೇ ಏನಾದ್ರೂ ಹೇಳೋದಿದೆಯಾ? ಮೇಡಂ ಹತ್ರ?"

ಡಾಕ್ಟರು ಲೋಟದ ಕೆನೆಯನ್ನು ಬೆರಳಿನಿಂದ ಸರಿಸಿದರು. ಬಹಳ ಹೊತ್ತು ಸರಿಸಿದರು.

"ಇಲ್ಲ," ಎಂದರು.

"ಯೋಚನೆ ಮಾಡಿ ಹೇಳಿ."

"ಬೆಳಿಗ್ಗೆಯಿಂದ ಅದನ್ನೇ ಮಾಡ್ತಿದೀನಿ."

ಮಹಜರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಬರಲಿಲ್ಲ.

ಐದು ಗಂಟೆಗೆ ನಿರ್ದೇಶಕಿಯ ಕೋಣೆಯಲ್ಲಿ ಐದು ಜನ. ಮೇಜಿನ ಮೇಲೆ ಹಸ್ತಪ್ರತಿ, ಅದು ತೆರೆದಿದ್ದ ಹಾಗೆಯೇ ತಂದಿಟ್ಟದ್ದು. ಕುರ್ಚಿಯಕ್ಕ ಗೋಡೆಗೆ ಒರಗಿ ನಿಂತಿದ್ದಳು. ಯಾರೂ ಆಕೆಗೆ ಕೂರಲು ಹೇಳಿರಲಿಲ್ಲ.

"ಫೋನ್ ಮಾಡ್ಲಾ?" ಎಂದರು ನಿರ್ದೇಶಕಿ.

"ಮಾಡ್ಬೇಡಿ ಮೇಡಂ. ಇಲ್ಲಿ ಕಳವೇ ಆಗಿಲ್ಲ."

"ಅಂದ್ರೆ?"

"ಈ ಎಡಗಡೆ ಪುಟ ನೋಡಿ. ಆರನೇ ಹಾಳೆಯ ಬೆನ್ನು. ಕವಿ ಇದರ ಮೇಲೆ ಏನೂ ಬರೆದಿಲ್ಲ. ಆದ್ರೆ ಇಲ್ಲೊಂದು ಕಂದು ಪಟ್ಟಿ ಇದೆ. ಏನಿದು?"

"ತೇವದ ಕಲೆ ಇರ್ಬೇಕು."

"ನಾನೂ ಬೆಳಿಗ್ಗೆ ಹಾಗೇ ಅಂದ್ಕೊಂಡೆ. ಈಗ ಬಲಗಡೆ ನೋಡಿ. ಎಂಟನೇ ಹಾಳೆ. ಒಂದು ಸಾಲನ್ನ ದಪ್ಪ ಮಸಿ ಹಾಕಿ ಹೊಡೆದಿದ್ದಾರೆ. ಹೊಲಿಗೆಯಿಂದ ಇದು ಎಷ್ಟು ದೂರ? ಮೇಲಂಚಿನಿಂದ ಎಷ್ಟು ಕೆಳಗೆ? ಎಡಗಡೆಯ ಪಟ್ಟಿಯೂ ಅಷ್ಟೇ ದೂರ, ಅಷ್ಟೇ ಕೆಳಗೆ, ಅಷ್ಟೇ ಉದ್ದ. ಕನ್ನಡಿಯಲ್ಲಿ ಕಂಡ ಹಾಗೆ. ಅದು ಈ ಮಸಿಯ ನೆರಳು. ಎದುರಿಗೆ ಒತ್ತಿಕೊಂಡಿರೋ ಕಾಗದದ ಮೇಲೆ ಮಸಿ ವರ್ಷಗಟ್ಟಲೆ ಇಳೀತಾ ಇರುತ್ತೆ."

ನಿರ್ದೇಶಕಿ ಬಾಗಿ ನೋಡಿದರು. "ಇದ್ರೆ ಏನಾಯ್ತು?"

"ಏಳನೇ ಹಾಳೆ ಹೋದ ವಾರದವರೆಗೆ ಇಲ್ಲಿತ್ತು ಅನ್ನಿ. ಆಗ ಎಂಟರ ಎದುರಿಗೆ ಇದ್ದದ್ದು ಏಳರ ಬೆನ್ನು. ಎಂಟರ ನೆರಳು ಅದರ ಮೇಲೆ ಬೀಳಬೇಕಿತ್ತು. ಆರರ ಮೇಲೆ ಹೇಗೆ ಬಿತ್ತು? ನಡುವೆ ಏನೂ ಇರಲಿಲ್ಲ, ಅದಕ್ಕೆ. ವರ್ಷಾನುಗಟ್ಟಲೆ ಇರಲಿಲ್ಲ. ಈ ಪುಸ್ತಕ ನಮ್ಮ ಬಾಗಿಲು ದಾಟೋ ಹೊತ್ತಿಗೇ ಆ ಹಾಳೆ ಹೋಗಿ ಒಂದು ಕಾಲ ಆಗಿತ್ತು."

ನಿರ್ದೇಶಕಿ ಹೊಲಿಗೆಯ ಬುಡದ ಅಂಚಿನತ್ತ ಬೆರಳು ತೋರಿದರು.

"ಹಾಗಾದ್ರೆ ಕತ್ತರಿಸಿದ್ದು?"

"ನಾನು," ಎಂದರು ಕವಿಯ ತಂಗಿ. "ಅಣ್ಣ ಹೋದ ದಿನ."

ಅವರು ಯಾರನ್ನೂ ನೋಡದೆ ಹೇಳಿದರು. "ಇಪ್ಪತ್ತಾರು ವರ್ಷ ಅವನಿಗೆ ಬಾಗಿಲು ತೆಗೆದೋಳು ನಾನು. ಎಷ್ಟೊತ್ತಿಗೆ ಬಂದ್ರೂ ಎದ್ದು ತೆಗೀತಿದ್ದೆ. ಒಂದು ದಿನ, ನಿನಗೊಂದು ಕವಿತೆ ಬರ್ದಿದೀನಿ ಕಣೇ ಅಂದ. ನೀವೆಲ್ಲ ಅದು ಯಾರೋ ಪ್ರೇಯಸಿ ಅಂದ್ಕೊಂಡ್ರಿ. ಪರವಾಗಿಲ್ಲ. ಅದು ನನಗೆ ಬರೆದದ್ದು, ಊರಿಗಲ್ಲ. ಅವನ ಅಂಗಿ ಜೇಬಲ್ಲಿ ಇಟ್ಟು ಅವನ ಜೊತೆ ಕಳಿಸಿದೆ."

"ಮೊದಲೇ ಹೇಳಬಹುದಿತ್ತಲ್ಲಮ್ಮ," ಎಂದರು ನಿರ್ದೇಶಕಿ.

"ಹೇಳಿದ್ರೆ ನೀವು ಪುಸ್ತಕ ಬೇಡ ಅಂತಿದ್ರಿ." ಆಕೆಯ ಧ್ವನಿ ತಗ್ಗಿತು. "ಹತ್ತು ಭಾನುವಾರ ಹೋಗೋಕೆ ಒಂದು ಜಾಗ ಆಯ್ತು ಅಂದ್ಕೊಂಡೆ. ಏಳನೇದು ಬಂದಾಗ ಕವಿಯೇ ತೆಗೆದ ಅಂದ್ಕೊಳ್ತೀರಿ ಅನ್ನೋ ಧೈರ್ಯ ಇತ್ತು. ಕಳವಾಗುತ್ತೆ ಅಂತ ಗೊತ್ತಿರಲಿಲ್ಲ. ಇಲ್ಲದೇ ಇರೋದನ್ನ ಯಾರಾದ್ರೂ 'ಇದೆ' ಅಂತ ಬರ್ಕೊಡ್ತಾರೆ ಅಂತ ಹೇಗೆ ಗೊತ್ತಾಗ್ಬೇಕು?"

ಎಲ್ಲರ ಕಣ್ಣು ಸ್ವೀಕೃತಿ ಪತ್ರಕ್ಕೆ ಹೋಯಿತು. ಹಾಳೆಗಳು: ನಲವತ್ತೆಂಟು, ಪೂರ್ಣ.

ಮಹಜರು ಇನ್ನೊಂದು ಮಾತು ಆಡಬೇಕಿತ್ತು. ಠಾಣೆಯಲ್ಲಿ ಅವರೆಂದೂ ಆ ಮಾತು ಆಡಿದವರಲ್ಲ; ಬೇರೆಯವರು ಆಡಿದ್ದನ್ನು ಬರೆದವರು. ಪೆನ್ನನ್ನು ಕಿಸೆಗೆ ಸಿಕ್ಕಿಸಿದರು.

"ಹಾಳೆ ತೆರೆಯದೇನೇ ಅಂಚಿನಿಂದ ಎಣಿಸಬಹುದು. ಎಣಿಸಿಲ್ಲ. ಪರಿವಿಡಿಯ ಕೊನೇ ಅಂಕಿ ನೋಡಿ ಬರೆದಿದ್ದಾರೆ. ಅದು ಬರೀ ತಪ್ಪು, ಯಾರಿಗೂ ಆಗಬಹುದು. ಆದ್ರೆ ಮಸಿಯ ನೆರಳು ಅಂದ್ರೇನು ಅಂತ ಈ ಕಟ್ಟಡದಲ್ಲಿ ಎಲ್ಲರಿಗಿಂತ ಮೊದಲು ತಿಳಿಯೋದು ಒಬ್ಬರಿಗೆ. ಅವರು ಬೆಳಿಗ್ಗೆ ಹಾಳೆ ಮಗುಚಿದ ಕ್ಷಣವೇ ನೋಡಿದ್ರು. ನೋಡಿ ಬಟ್ಟೆ ಎಳೆದ್ರು. ಆಮೇಲೆ, ಡ್ರಾಯರಿಗೆ ಬೀಗ ಇಲ್ಲ ಅಂತ ಹೇಳಿದ್ರು." ಅವರು ಡಾಕ್ಟರತ್ತ ತಿರುಗಿದರು. "ಅಪರಾಧ ಆ ಒಂದು ಮಾತು, ಡಾಕ್ಟ್ರೇ. ಅಷ್ಟೇ."

ಡಾಕ್ಟರು ಕನ್ನಡಕ ತೆಗೆದರು.

"ಆ ದಿನ ಈ ಅಮ್ಮ ಎದುರಿಗೇ ಕೂತಿದ್ರು," ಎಂದರು. "ಪುಸ್ತಕನ ಮಡಿಲಿಂದ ತೆಗೆದು ಕೊಟ್ರು. ಅವರ ಕಣ್ಣೆದುರಿಗೆ ಒಂದೊಂದೇ ಎಣಿಸೋಕೆ ನಾಚಿಕೆ ಆಯ್ತು. ನಂಬದವನ ಹಾಗೆ ಕಾಣ್ತೀನಿ ಅಂತ. ಅವರು ಹೋದ ಮೇಲೆ ಎಣಿಸೋಣ ಅಂದ್ಕೊಂಡೆ. ಬೆಳಿಗ್ಗೆ ಹೇಳ್ಬೇಕು ಅಂತ ಬಾಯಿ ತೆಗೆದೆ. ಮೂವತ್ತು ವರ್ಷ ಅಡ್ಡ ಬಂತು."

ಅವರು ಮಹಜರತ್ತ ನೋಡಲಿಲ್ಲ. ಮಹಜರು ಅವರನ್ನೇ ನೋಡುತ್ತಿದ್ದರು. ಇಬ್ಬರ ನಡುವೆ ನಾಲ್ಕು ಹೆಜ್ಜೆ. ಅದನ್ನು ದಾಟುವ ಮಾತು ಇನ್ನು ಯಾವ ಸಂಜೆಗೂ ಹುಟ್ಟುವಂತಿರಲಿಲ್ಲ.

"ಸ್ವೀಕೃತಿ ಪತ್ರ ತಿದ್ದಿ," ಎಂದರು ನಿರ್ದೇಶಕಿ, ದಣಿದ ಧ್ವನಿಯಲ್ಲಿ. "ಮಿಕ್ಕಿದ್ದು ನಾಳೆ ನೋಡೋಣ."

ಡಾಕ್ಟರು ನಲವತ್ತೆಂಟನ್ನು ಹೊಡೆದು ನಲವತ್ತೇಳು ಎಂದು ಬರೆದು ಸಹಿ ಮಾಡಿದರು. ಎರಡನೆಯ ಸಹಿ ಕಾವಲಿನಾಕೆಯದು. ಪತ್ರವನ್ನು ಆಕೆಯತ್ತ ಸರಿಸಿದರು. ಪೆನ್ನು ಅದರ ಮೇಲಿಟ್ಟರು.

ಕುರ್ಚಿಯಕ್ಕ ಗೋಡೆ ಬಿಟ್ಟು ಬಂದಳು. ಪೆನ್ನು ಮುಟ್ಟಲಿಲ್ಲ.

"ಹೋದ ಸಲ ನೀವು ಹೇಳಿದ್ರಿ ಅಂತ ಹಾಕ್ದೆ," ಎಂದಳು. "ಎಣಿಸಿ ಸಾರ್. ನಾನು ನೋಡ್ತೀನಿ."

ಡಾಕ್ಟರು ತಂಗಿಯವರ ಮುಖ ನೋಡಿದರು. ಅವರು ತಲೆಯಾಡಿಸಿದರು.

"ಎಣಿಸಪ್ಪ. ನನಗೇನೂ ಬೇಜಾರಿಲ್ಲ."

ಹಸ್ತಪ್ರತಿಯ ಅಂಚಿಗೆ ಬೆರಳು ಹಚ್ಚಿ, ಹಾಳೆ ತೆರೆಯದೆ, ಡಾಕ್ಟರು ಎಣಿಸತೊಡಗಿದರು. ಒಂದು. ಎರಡು. ಮೂರು. ಯಾರೂ ಕೂರಲಿಲ್ಲ. ಹೊರಗೆ ಬೀದಿಯಲ್ಲಿ ಬಸ್ಸುಗಳು ಜನರನ್ನು ಮನೆಗೆ ಒಯ್ಯುತ್ತಿದ್ದವು. ಇಪ್ಪತ್ತರ ಸುಮಾರಿಗೆ ಡಾಕ್ಟರ ಧ್ವನಿ ಒಡೆಯಿತು. ಮೂವತ್ತಕ್ಕೆ ಮತ್ತೆ ನೆಟ್ಟಗಾಯಿತು. ಮಹಜರು ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದರು. ಬರೆದುಕೊಳ್ಳಲಿಲ್ಲ. ಆ ಧ್ವನಿಯನ್ನು ಮುಗಿಯುವವರೆಗೂ ಕೇಳಿದರು.

"ನಲವತ್ತೇಳು."

ಕುರ್ಚಿಯಕ್ಕ ಪೆನ್ನು ಎತ್ತಿಕೊಂಡಳು. ಕಾಗದವನ್ನು ನೋಡಿದಳು, ಡಾಕ್ಟರನ್ನು ನೋಡಿದಳು.

"ಇನ್ನೊಂದ್ಸಲ," ಎಂದಳು.

ಡಾಕ್ಟರು ಗಂಟಲು ಸರಿಮಾಡಿಕೊಂಡು, ಮೊದಲ ಹಾಳೆಯ ಮೇಲೆ ಬೆರಳಿಟ್ಟರು.